ಬೀಗರು ಮತ್ತು ಗ್ರೀಕರ ಯಂತ್ರ

ನಮ್ಮ ಮಾವನವರು ಇಚಲಕರಂಜಿಯ ಪಾವರ್‌ಲೂಮ್ ಶೆಡ್ಡುಗಳಲ್ಲಿ ಜಾಬರ್ ಆಗಿದ್ದವರು. ಮಗ್ಗ ನಿಂತರೆ ಅದರ ಹೊಟ್ಟೆಯೊಳಗೆ ಕೈಹಾಕಿ ಮತ್ತೆ ಓಡುವಂತೆ ಮಾಡುವುದು ಅವರ ಕೆಲಸ. ಹರೆಯದಲ್ಲಿ ಬನಹಟ್ಟಿ ಕಡೆಯಿಂದ ಒಂದು ಚೀಲ ಹಿಡಿದುಕೊಂಡು ಬಂದವರು ಇಲ್ಲಿಯೇ ಮನೆ ಕಟ್ಟಿದರು, ಮಗನನ್ನು ಬೆಳೆಸಿದರು, ಮರಾಠಿ ಕಲಿತರು. ಆದರೆ ಬಯ್ಯುವಾಗ ಮಾತ್ರ ಇವತ್ತಿಗೂ ಕನ್ನಡದಲ್ಲಿಯೇ ಬಯ್ಯುತ್ತಾರೆ. ಹಳೆಯ ಮಗ್ಗಗಳು ಗುಜರಿಗೆ ಹೋಗಿ ಆಟೋಮ್ಯಾಟಿಕ್ ಮಗ್ಗಗಳು ಬಂದ ಮೇಲೆ ಶೆಡ್ಡಿನವರು ಇವರನ್ನು ಕರೆಯುವುದು ಕಡಿಮೆಯಾಯಿತು. ಆಮೇಲೆ ಮೊಣಕಾಲು ನೋವು ಶುರುವಾಯಿತು. ಅತ್ತೆ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಹೀಗಾಗಿ ಮಾವನವರು ದಿನವಿಡೀ ಮನೆಯಲ್ಲಿಯೇ ಉಳಿದರು. ಮನೆಯಲ್ಲಿ ಅಂದರೆ, ನನ್ನ ಅಂಗಡಿಯಲ್ಲಿ.

ಮನೆಯ ಮುಂದಿನ ಖೋಲಿಯಲ್ಲಿ ನನ್ನದೊಂದು ಮ್ಯಾಚಿಂಗ್ ಸೆಂಟರ್ ಇದೆ. ಬ್ಲೌಸ್ ಪೀಸು, ಫಾಲು, ಅಸ್ತರು. ಹೆಣ್ಣುಮಕ್ಕಳು ಸೀರೆ ತಂದು ಕೌಂಟರ್ ಮೇಲೆ ಹರಡಿ, ಒಂದೊಂದೇ ಪೀಸು ಇಟ್ಟು ನೋಡಿ, ಬಾಗಿಲಿನ ಬೆಳಕಿಗೆ ಒಯ್ದು ಮತ್ತೆ ನೋಡಿ ತೆಗೆದುಕೊಳ್ಳುವ ಜಾಗ ಅದು. ಅಲ್ಲಿ ಆತುರ ನಡೆಯುವುದಿಲ್ಲ. ಮಾವನವರು ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು ಕುಳಿತು, ಯಾರೂ ಕೇಳದಿದ್ದರೂ, ಆ ಬಣ್ಣ ಈ ಸೀರೆಗೆ ಒಪ್ಪುವುದಿಲ್ಲ, ಇದು ಎರಡು ಒಗೆತಕ್ಕೆ ಬಣ್ಣ ಬಿಡುತ್ತದೆ, ಅದರ ನೂಲು ಸರಿಯಿಲ್ಲ ಎಂದು ಹೇಳತೊಡಗಿದರು. ನೂಲಿನ ವಿಷಯದಲ್ಲಿ ಅವರು ಹೇಳುವುದು ಎಷ್ಟೋ ಸಲ ಖರೆಯೇ ಇರುತ್ತಿತ್ತು. ಅದೇ ನನ್ನ ಸಮಸ್ಯೆ. ಗಿರಾಕಿಗಳು ನಕ್ಕು, ಸೀರೆ ಮಡಚಿಕೊಂಡು, ನಾಳೆ ಬರ್ತೇವಿ ಎಂದು ಹೋಗಿ, ಎದುರಿನ ಓಣಿಯ ಅಂಗಡಿಗೆ ನುಗ್ಗುತ್ತಿದ್ದರು.

ಕೊಲ್ಹಾಪುರದಲ್ಲಿ ಬಿ.ಎಸ್ಸಿ. ಓದಲು ಸೇರಿದ್ದ ಮಗಳು ಒಂದು ಶನಿವಾರ ಹಾತಕಣಂಗಲೆ ಮೇಲಿನ ಬಸ್ಸು ಹಿಡಿದು ಮನೆಗೆ ಬಂದಾಗ ನಾನು ಇದನ್ನೆಲ್ಲ ಹೇಳಿಕೊಂಡೆ. ಅಜ್ಜನಿಗೆ ಕೈಯಲ್ಲಿ ಹಿಡಿದು ಕೂರಲು ಏನಾದರೂ ಕೊಡು, ನನ್ನ ವ್ಯಾಪಾರ ಉಳಿಯಲಿ ಎಂದೆ. ಅವರ ಫೋನಿನಲ್ಲಿ ಅಲ್ಲಿಯವರೆಗೆ ಇದ್ದದ್ದು ಕುಸ್ತಿಯ ವಿಡಿಯೋಗಳು ಮಾತ್ರ. ಅವನ್ನೂ ದೊಡ್ಡ ದನಿ ಇಟ್ಟು ನೋಡುತ್ತಿದ್ದರು. ಮಗಳು ಸ್ವಲ್ಪ ಯೋಚಿಸಿ, ಅಜ್ಜನ ಫೋನು ತೆಗೆದುಕೊಂಡು ಒಂದು ಆ್ಯಪ್ ಇಳಿಸಿದಳು.

ಅದರಲ್ಲಿ ಕಟ್ಟಿಗೆಯ ಪೆಟ್ಟಿಗೆಯಂಥದ್ದೊಂದು ಕಾಣುತ್ತಿತ್ತು. ಮುಂದೆ ಒಂದು ದೊಡ್ಡ ತಬಕು, ಅದರ ಮೇಲೆ ಮುಳ್ಳುಗಳು. ಪಕ್ಕದಲ್ಲೊಂದು ಹಿಡಿಕೆ. ಬೆರಳಿನಿಂದ ಹಿಡಿಕೆ ತಿರುಗಿಸಿದರೆ ಮುಳ್ಳುಗಳು ಓಡುತ್ತಿದ್ದವು. ಎರಡು ಸಾವಿರ ವರ್ಷಗಳ ಹಿಂದೆ ಗ್ರೀಕ್ ದೇಶದವರು ಕಂಚಿನಲ್ಲಿ ಮಾಡಿದ ಯಂತ್ರವಂತೆ. ಹಡಗಿನೊಂದಿಗೆ ಸಮುದ್ರದಲ್ಲಿ ಮುಳುಗಿ, ಎಷ್ಟೋ ಕಾಲದ ಮೇಲೆ ಮೇಲಕ್ಕೆ ಬಂದಾಗ ಕಿಲುಬು ಹಿಡಿದ ತುಂಡುಗಳು ಮಾತ್ರ ಉಳಿದಿದ್ದವಂತೆ. ತಿಳಿದವರು ಆ ತುಂಡುಗಳನ್ನು ನೋಡಿ, ಇಡೀ ಯಂತ್ರ ಹೇಗಿದ್ದೀತೆಂದು ಲೆಕ್ಕ ಹಾಕಿದ್ದರು. ಅದನ್ನೇ ಯಾರೋ ಮೊಬೈಲಿನೊಳಗೆ ಓಡುವಂತೆ ಮಾಡಿದ್ದರು. ಒಂದು ಮುಳ್ಳು ಸೂರ್ಯನದು, ಇನ್ನೊಂದು ಚಂದ್ರನದು. ಚಂದ್ರನ ಮುಳ್ಳಿನ ಮೇಲೆ ಅರ್ಧ ಕಪ್ಪು, ಅರ್ಧ ಬಿಳಿ ಬಣ್ಣದ ಸಣ್ಣ ಗುಂಡು. ದಿನ ಸರಿದಂತೆ ಆ ಗುಂಡು ಹೊರಳಿ ಹುಣ್ಣಿಮೆಯಾಗುತ್ತಿತ್ತು, ಅಮಾವಾಸ್ಯೆಯಾಗುತ್ತಿತ್ತು.

ಮಾವನವರು ಮೊದಮೊದಲು ಗಮನ ಕೊಡಲಿಲ್ಲ. ಆಮೇಲೆ ಮಗಳು ಯಾವುದೋ ಗುಂಡಿ ಒತ್ತಿದಳು. ಮೇಲಿನ ತಬಕು ಗಾಜಿನಂತಾಗಿ, ಒಳಗಿನ ಹಲ್ಲಿನ ಚಕ್ರಗಳೆಲ್ಲ ಕಂಡವು. ಒಂದಕ್ಕೊಂದು ಹಲ್ಲು ಕಚ್ಚಿಕೊಂಡು ಕೆಲವು ಮೆಲ್ಲಗೆ, ಕೆಲವು ಜೋರು ತಿರುಗುತ್ತಿದ್ದವು. ಮಾವನವರು ಕನ್ನಡಕ ಹಾಕಿಕೊಂಡರು. ಫೋನನ್ನು ಮೂಗಿನ ಹತ್ತಿರ ತಂದು ಬಹಳ ಹೊತ್ತು ನೋಡಿದರು.

“ಇಷ್ಟೆಲ್ಲಾ ಚಕ್ರ ತಿರಗಿ ಅರಿವಿ ಎಲ್ಲಿ ಬರ್ತೈತಿ?” ಎಂದು ಕೇಳಿದರು. ಅವರ ಲೆಕ್ಕದಲ್ಲಿ ಯಂತ್ರವೆಂದ ಮೇಲೆ ಬಟ್ಟೆ ಬರಬೇಕು.

“ಅರಿವಿ ಬರಂಗಿಲ್ಲಜ್ಜಾ,” ಎಂದಳು ಮಗಳು. “ಅಮಾಸಿ ಬರ್ತೈತಿ.”

ಸೋಮವಾರ ಮುಂಜಾನೆ ಅವಳು ಕೊಲ್ಹಾಪುರಕ್ಕೆ ಹೋದಳು. ನನ್ನ ಅಂಗಡಿಯಲ್ಲಿ ಶಾಂತಿ ನೆಲೆಸಿತು. ಮಾವನವರು ಮೂಲೆಯಲ್ಲಿ ಕುಳಿತು ತೋರುಬೆರಳಿನಿಂದ ಹಿಡಿಕೆ ತಿರುಗಿಸುತ್ತಿದ್ದರು. ಗಿರಾಕಿಗಳು ಗುಲಾಬಿ ಸೀರೆಗೆ ಹಸಿರು ಪೀಸು ಒಯ್ದರೂ ತಲೆಯೆತ್ತುತ್ತಿರಲಿಲ್ಲ. ಮಳೆಗಾಲ. ಆಕಾಶಕ್ಕೆ ದಿನವಿಡೀ ಮೋಡ ಕವಿದು, ಚಂದ್ರನನ್ನು ಕಂಡು ಎಷ್ಟೋ ದಿನಗಳಾಗಿದ್ದವು. ಆದರೆ ನಮ್ಮ ಮನೆಯಲ್ಲಿ ದಿನಾ ಸಂಜೆ ಚಹಾದ ಹೊತ್ತಿಗೆ ಮಾವನವರು ಫೋನು ನೋಡಿ, ಇವತ್ತು ಚಂದ್ರ ಇಷ್ಟಾಗಿದ್ದಾನೆ ಎಂದು ಬೆರಳಿನ ಉಗುರು ತೋರಿಸಿ ಹೇಳುತ್ತಿದ್ದರು. ಆ ದಿನಗಳಲ್ಲಿ ಟಿವಿಯಲ್ಲೂ ಚಂದ್ರನದೇ ಸುದ್ದಿ. ನಮ್ಮ ದೇಶದವರು ಕಳಿಸಿದ ನೌಕೆ ಅಲ್ಲಿಗೆ ಹೊರಟಿತ್ತು. ನಮ್ಮ ಯಜಮಾನರು ಸೈಝಿಂಗಿನಲ್ಲಿ, ಅಂದರೆ ನೇಯುವ ಮೊದಲು ನೂಲಿಗೆ ಗಂಜಿ ಹಾಕುವ ಕಾರಖಾನೆಯಲ್ಲಿ, ಸುಪರ್‌ವೈಜರ್. ಕೆಲಸ ಮುಗಿಸಿ ಬಂದು, ಟಿವಿಯಲ್ಲೊಂದು ಚಂದ್ರ, ಮೂಲೆಯಲ್ಲೊಂದು ಚಂದ್ರ ನೋಡಿ, ಊಟಕ್ಕೆ ಬಡಸು ಎನ್ನುತ್ತಿದ್ದರು.

ಮಾವನವರ ಹೆಸರು ಓಣಿಯಲ್ಲಿ ಹಬ್ಬಿತು. ಎದುರುಮನೆಯ ಮರಾಠಿ ಕಾಕು ಒಂದು ದಿನ ಬಂದು, “ಮಾಮಾ, ಏಕಾದಶಿ ಕಧೀ ಆಹೆ?” ಎಂದು ಏಕಾದಶಿಯ ದಿನ ಕೇಳಿದರು. ಅವರ ಮನೆಯ ಗೋಡೆಯಲ್ಲಿ ಕ್ಯಾಲೆಂಡರ್ ಇರಲಿಲ್ಲವೆಂದಲ್ಲ. ಯಂತ್ರ ಏನು ಹೇಳುತ್ತದೆಂದು ನೋಡುವ ಆಸೆ. ಮಾವನವರು ಹಿಡಿಕೆ ತಿರುಗಿಸಿ, ಗುಂಡು ನೋಡಿ, ಶುಕ್ರವಾರ ಎಂದುಬಿಟ್ಟರು. ಕಾಕು ಶುಕ್ರವಾರ ಉಪವಾಸ ಮಾಡಿದರು. ಸಂಜೆ ಮಠಕ್ಕೆ ಹೋದಾಗ ಏಕಾದಶಿ ಮರುದಿನ ಎಂದು ಗೊತ್ತಾಯಿತು. ಮರುದಿನವೂ ಉಪವಾಸದ ಸಾಬೂದಾಣಿ ಖಿಚಡಿಯನ್ನೇ ತಿಂದರು. ಅದಾದ ಮೇಲೆ ಸ್ವಲ್ಪ ದಿನ ನಮ್ಮ ಅಂಗಡಿಯ ಮುಂದೆ ಹಾಯುವಾಗ ಅವರು ಆ ಕಡೆ ಮುಖ ಮಾಡಿಕೊಂಡು ಹೋಗುತ್ತಿದ್ದರು. ಮಾವನವರು ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಎರಡು ಸಾವಿರ ವರ್ಷ ಹಳೆಯ ಮಶೀನು, ಒಂದು ದಿನ ಹಿಂದುಮುಂದಾದರೆ ಏನಾಯಿತು ಎಂದರು. ಈ ಮಾತು ನನಗೆ ಎಲ್ಲೋ ಕೇಳಿದಂತಿತ್ತು.

ಮುಂದಿನ ಶನಿವಾರ ಮಗಳು ಬಂದಾಗ ಯಂತ್ರದ ಹಿಂಬದಿ ತೋರಿಸಿದಳು. ಅಲ್ಲಿ ಎರಡು ಸುರುಳಿಗಳಿದ್ದವು, ಮೇಲೊಂದು, ಕೆಳಗೊಂದು. ಕೆಳಗಿನದು ಗ್ರಹಣಗಳದು. ಮೇಲಿನದು ತಿಂಗಳುಗಳದು. ಚಂದ್ರನ ಹನ್ನೆರಡು ತಿಂಗಳಿಗೂ ಸೂರ್ಯನ ಒಂದು ವರ್ಷಕ್ಕೂ ತಾಳೆಯಾಗುವುದಿಲ್ಲ, ಅದಕ್ಕೆ ನಡುನಡುವೆ ಗ್ರೀಕರೂ ನಮ್ಮ ಹಾಗೆಯೇ ಒಂದು ಹೆಚ್ಚಿನ ತಿಂಗಳು ಸೇರಿಸುತ್ತಿದ್ದರು ಎಂದು ಅವಳು ಅಜ್ಜನಿಗೆ ಹೇಳಿದಳು. ಹತ್ತೊಂಬತ್ತು ವರ್ಷಕ್ಕೆ ಸುರುಳಿ ಮುಗಿಯುತ್ತದೆ, ಮುಳ್ಳು ಮತ್ತೆ ಮೊದಲಿನ ಮನೆಗೆ ಬರುತ್ತದೆ ಎಂದಳು. ಈ ವರ್ಷ ನಮಗೆ ಅಧಿಕ ಶ್ರಾವಣ ನಡೆದಿತ್ತು.

“ಹಂಗಾರ ಹತ್ತೊಂಬತ್ತ ವರ್ಷದ ಹಿಂದನೂ ಅಧಿಕ ಶ್ರಾವಣನ ಇತ್ತೇನ?” ಎಂದು ಮಾವನವರು ಕೇಳಿದರು.

ಮಗಳು ಹೌದೆಂದಳು. ಅವಳು ಹುಟ್ಟುವುದಕ್ಕಿಂತ ಮೊದಲಿನ ಮಾತು ಅದು, ಅವಳಿಗೆ ಬರೀ ಲೆಕ್ಕ. ನಾನು ಪೀಸುಗಳ ಥಾನು ಸುತ್ತುತ್ತಿದ್ದವಳು ಕೈ ನಿಲ್ಲಿಸಿದೆ. ಮಾವನವರು ನನ್ನ ಕಡೆಗೆ ನೋಡಲಿಲ್ಲ. ಹಿಡಿಕೆಯನ್ನು ಹಿಂದಕ್ಕೆ ತಿರುಗಿಸತೊಡಗಿದರು. ಚಂದ್ರನ ಗುಂಡು ಪಟಪಟ ಹೊರಳಿತು.

ಹತ್ತೊಂಬತ್ತು ವರ್ಷದ ಹಿಂದೆ ನನ್ನ ಮದುವೆಯಾಗಿ ಮೂರ್ನಾಲ್ಕು ತಿಂಗಳಾಗಿತ್ತಷ್ಟೆ. ನನ್ನ ತವರು ಗಡಹಿಂಗ್ಲಜ. ಅಪ್ಪನದು ಅಲ್ಲಿ ಮೆಣಸಿನಕಾಯಿ ವ್ಯಾಪಾರ, ಜೊತೆಗೆ ಸ್ವಲ್ಪ ಹೊಲ. ನಮ್ಮ ಕಡೆ ಅಧಿಕ ಮಾಸಕ್ಕೆ ಧೋಂಡ್ಯಾ ತಿಂಗಳು ಅನ್ನುತ್ತಾರೆ. ಆ ತಿಂಗಳಲ್ಲಿ ಮದುವೆ, ಮುಂಜಿ ಇಲ್ಲ. ಆದರೆ ಅಳಿಯನನ್ನು ಕರೆದು ಹೊಸ ಬಟ್ಟೆ ಕೊಟ್ಟು, ಹೂರಣ ತುಂಬಿದ ಧೋಂಡೆ ಮಾಡಿ ಬಡಿಸಿ, ಅಕ್ಕಿಹಿಟ್ಟು, ಬೆಲ್ಲದಿಂದ ಕರಿದ ಮೂವತ್ತಮೂರು ಅನಾರಸೆ ತಟ್ಟೆಯಲ್ಲಿಟ್ಟು ಕೊಡುವುದು ಪದ್ಧತಿ. ಮದುವೆಯಾದ ಮೊದಲನೆಯ ಅಧಿಕವಾದರಂತೂ ಮುಗಿಯಿತು. ಅವ್ವ ವಾರದ ಮೊದಲೇ ಅಕ್ಕಿ ನೆನೆಹಾಕಿದ್ದಳು. ಅಪ್ಪ ಇಚಲಕರಂಜಿಗೆ ಬಂದು ಮಾವನವರನ್ನು ಕಂಡು, ಅಳಿಯನನ್ನು ಕಳಿಸಿಕೊಡಬೇಕು, ನೀವೂ ಬರಬೇಕು ಎಂದು ಕರೆದು ಹೋಗಿದ್ದ.

ಆಗ ನಮ್ಮ ಯಜಮಾನರು ತಂದೆಯ ಕೈಕೆಳಗೇ ಶೆಡ್ಡಿನಲ್ಲಿ ಮಗ್ಗ ನೋಡಿಕೊಳ್ಳುತ್ತಿದ್ದರು. ಕೋರೋಚಿ ಕಡೆಯ ಶೆಡ್ಡಿನ ಬಟ್ಟೆಯ ಆರ್ಡರು ತಡವಾಗಿತ್ತು. ನೇಕಾರರಲ್ಲಿ ಇಬ್ಬರು ಊರಿಗೆ ಹೋಗಿ ಕುಳಿತಿದ್ದರು. ಇವತ್ತು ಹೋಗುತ್ತೇವೆ, ನಾಳೆ ಹೋಗುತ್ತೇವೆ ಎನ್ನುವುದರಲ್ಲಿ ತಿಂಗಳ ಕೊನೆ ಬಂತು. ಕೊನೆಯ ದಿನ ಅಮಾವಾಸ್ಯೆ. ಹೊಸ ಮದುಮಕ್ಕಳನ್ನು ಅಮಾವಾಸ್ಯೆ ದಿನ ಹೊರಡಿಸಬಾರದೆಂದು ಅತ್ತೆ ತಡೆದರು. ಮರುದಿನ ಮಾವನವರು ನಮ್ಮಿಬ್ಬರನ್ನು ಕರೆದುಕೊಂಡು ಗಡಹಿಂಗ್ಲಜಕ್ಕೆ ಹೋದರು. ಅಷ್ಟರಲ್ಲಿ ಅಧಿಕ ಮುಗಿದು ನಿಜ ಶ್ರಾವಣ ಶುರುವಾಗಿತ್ತು.

ಅಪ್ಪ ಬಾಗಿಲಲ್ಲಿ ನಿಂತು, ತಿಂಗಳು ಮುಗಿದ ಮೇಲೆ ಬಂದಿರಲ್ಲ ಎಂದ. ಮಾವನವರು, ಒಂದು ದಿನದಲ್ಲಿ ಏನು ಹೋಗುತ್ತದೆ, ಮಗ್ಗಕ್ಕೆ ಅಧಿಕ ಗೊತ್ತಾಗುವುದಿಲ್ಲ ಎಂದರು. ಅವರು ಅದನ್ನು ನಗುತ್ತಲೇ ಹೇಳಿದ್ದರು. ಅಪ್ಪ ನಗಲಿಲ್ಲ. ಊಟವಾಯಿತು, ಆದರೆ ಅನಾರಸೆಯ ತಟ್ಟೆ ಹೊರಗೆ ಬರಲೇ ಇಲ್ಲ. ಆಮೇಲೆ ಅವ್ವ ಅವನ್ನು ಡಬ್ಬಿಯಲ್ಲಿ ಕಟ್ಟಿ ನನ್ನ ಕೈಯಲ್ಲಿಟ್ಟಳು. ನಾನು ಇಚಲಕರಂಜಿಯಲ್ಲಿ ಅವನ್ನು ದಿನಕ್ಕೊಂದರಂತೆ ಚಹಾದಲ್ಲಿ ಅದ್ದಿ ತಿಂದು ಮುಗಿಸಿದೆ.

ಜಗಳ ಅಂದರೆ ಇಷ್ಟೇ. ಯಾರೂ ದನಿ ಎತ್ತಲಿಲ್ಲ. ಆದರೆ ಅಂದಿನಿಂದ ಮಾವನವರು ಗಡಹಿಂಗ್ಲಜದ ಮನೆಯ ಹೊಸ್ತಿಲು ತುಳಿಯಲಿಲ್ಲ, ಅಪ್ಪ ಇಚಲಕರಂಜಿಯ ನಮ್ಮ ಮನೆಗೆ ಬರಲಿಲ್ಲ. ಬೇರೆಯವರ ಮದುವೆಗಳಲ್ಲಿ ಎದುರಾದರೆ, ಆರಾಮ? ಆರಾಮ, ಎಂದು ಕೈ ಮುಗಿದು, ಒಬ್ಬರು ಊಟದ ಸಾಲಿನ ಆ ತುದಿಗೆ, ಇನ್ನೊಬ್ಬರು ಈ ತುದಿಗೆ ಕೂರುತ್ತಿದ್ದರು. ಮುಂದಿನ ಅಧಿಕ ಮಾಸಗಳಲ್ಲಿ ನಾನು, ನಮ್ಮ ಯಜಮಾನರು ಹೋಗಿ ಉಂಡು ಬರುತ್ತಿದ್ದೆವು. ನನಗೆ ಇದು ರೂಢಿಯಾಗಿಬಿಟ್ಟಿತ್ತು. ಮನೆಯಲ್ಲಿ ಒಂದು ಬಾಗಿಲು ಜಾಮಾಗಿದ್ದರೆ ನಾವು ಇನ್ನೊಂದು ಬಾಗಿಲಿಂದ ಓಡಾಡುತ್ತೇವಲ್ಲ, ಹಾಗೆ.

ಆ ಶನಿವಾರ ಮಾವನವರು ಬಹಳ ಹೊತ್ತು ಹಿಡಿಕೆ ತಿರುಗಿಸಿದ ಮೇಲೆ ಫೋನು ಕೆಳಗಿಟ್ಟು, ಈ ಅಧಿಕ ಯಾವಾಗ ಮುಗಿಯುತ್ತದೆ ಎಂದು ನನ್ನನ್ನು ಕೇಳಿದರು. ನಾನು ಗೋಡೆಯ ಕ್ಯಾಲೆಂಡರ್ ನೋಡಿ, ಝೆಂಡಾ ಹಾರಿಸುವ ಹಬ್ಬದ ಮರುದಿನ ಅಮಾವಾಸ್ಯೆ ಎಂದೆ.

“ಅದಕಿಂತ ಮೊದಲ ಹೋಗೂನು,” ಎಂದರು. “ಫೋನ್ ಮಾಡಬ್ಯಾಡ. ಅವರು ಕರದು ನಾ ಹೋಗೂದು ಬ್ಯಾರೆ, ನಾನಾಗಿ ಹೋಗೂದು ಬ್ಯಾರೆ.”

ಅಷ್ಟು ವರ್ಷ ಬಾಯಿ ಬಿಡದವರು ಹೀಗೆ ಅಂದಾಗ ನನಗೆ ಸಂತೋಷಕ್ಕಿಂತ ಹೆದರಿಕೆಯೇ ಆಯಿತು. ಅಪ್ಪನ ಸ್ವಭಾವ ನನಗೆ ಗೊತ್ತು. ಅವನಿಗೆ ಮೆಣಸಿನಕಾಯಿಯ ಘಾಟು ಹತ್ತುವುದಿಲ್ಲ, ಮಾತು ಹತ್ತುತ್ತದೆ. ನಮ್ಮ ಯಜಮಾನರಿಗೆ ಹೇಳಿದರೆ ಅವರು, ನೀವು ಮುಂದೆ ಹೋಗಿರಿ, ನಾನು ಹದಿನೈದರ ಸೂಟಿಗೆ ಬರ್ತೇನಿ ಎಂದರು. ಸೈಝಿಂಗಿನಲ್ಲಿ ರಜೆ ಇಲ್ಲವೆಂಬುದು ನಿಜ. ಮೊದಲ ಪೆಟ್ಟು ಯಾರ ಮೇಲೆ ಬೀಳುತ್ತದೋ ದೂರದಿಂದ ನೋಡೋಣ ಎಂಬುದೂ ನಿಜ ಇರಬೇಕು.

ಹೀಗೆ ಮುಂದಿನ ಶನಿವಾರ ನಾನು, ಮಾವನವರು ಇಚಲಕರಂಜಿಯಿಂದ ಕೊಲ್ಹಾಪುರಕ್ಕೆ ಹೋದೆವು. ಸ್ಟ್ಯಾಂಡಿನಲ್ಲಿ ಮಗಳು ಬಂದು ಕೂಡಿದಳು. ಅಲ್ಲಿಂದ ಗಡಹಿಂಗ್ಲಜದ ಎಸ್ಟಿ ಬಸ್ಸು. ಆ ರಸ್ತೆ ಕಾಗಲ್ ದಾಟಿ ನಿಪ್ಪಾಣಿಯಲ್ಲಿ ಕರ್ನಾಟಕಕ್ಕೆ ಹೋಗಿ, ಮತ್ತೆ ಹೊರಳಿ ಮಹಾರಾಷ್ಟ್ರಕ್ಕೆ ಬರುತ್ತದೆ. ಅಂಗಡಿಗಳ ಬೋರ್ಡು ಒಮ್ಮೆ ಮರಾಠಿ, ಒಮ್ಮೆ ಕನ್ನಡ. ಮಾವನವರು ಕಿಟಕಿಯ ಹತ್ತಿರ ಕುಳಿತು ಯಂತ್ರ ತೆರೆದರು. ರಸ್ತೆಯ ತಗ್ಗಿನಲ್ಲಿ ಬಸ್ಸು ಕುಕ್ಕರಿಸಿದಾಗಲೆಲ್ಲ ಬೆರಳು ಜಾರಿ ತಿಂಗಳುಗಟ್ಟಲೆ ಮುಂದೆ ಹೋಗುತ್ತಿತ್ತು. ನಿಪ್ಪಾಣಿಗೆ ಬರುವಷ್ಟರಲ್ಲಿ ಎರಡು ವರ್ಷ ಸರಿದಿದ್ದವು. ಇವತ್ತಿನ ದಿನಕ್ಕೆ ತಂದುಕೊಡು ಎಂದು ಮಾವನವರು ಮೊಮ್ಮಗಳ ಕೈಗೆ ಫೋನು ಕೊಟ್ಟರು. ಅವಳು ತಂದುಕೊಟ್ಟಳು. ಸಂಕೇಶ್ವರದ ಹತ್ತಿರ ಮತ್ತೆ ಹಾಗೇ ಆಯಿತು. ಕೊನೆಗೆ ಅವರು ಫೋನನ್ನು ಅಂಗಿಯ ಒಳಕಿಸೆಗೆ ಇಟ್ಟು, ಮೇಲಿಂದ ಅಂಗೈ ಒತ್ತಿ ಹಿಡಿದು ಕುಳಿತರು.

ಗಡಹಿಂಗ್ಲಜದ ಮನೆಯ ಬಾಗಿಲು ತೆರೆದಿತ್ತು. ಅವ್ವ ಪಡಸಾಲೆಯಲ್ಲಿ ಶೇಂಗಾ ಹಸನು ಮಾಡುತ್ತಿದ್ದಳು. ಮೊದಲು ನನ್ನನ್ನು ನೋಡಿ ನಕ್ಕಳು, ಮೊಮ್ಮಗಳನ್ನು ನೋಡಿ ಎದ್ದಳು, ಹಿಂದೆ ಛತ್ರಿ ಮಡಚುತ್ತಿದ್ದ ಮಾವನವರನ್ನು ನೋಡಿ ತಲೆಯ ಮೇಲೆ ಸೆರಗು ಎಳೆದುಕೊಂಡು ಹಾಗೇ ನಿಂತುಬಿಟ್ಟಳು. ಸೆರಗಿನಲ್ಲಿ ಹಿಡಿದಿದ್ದ ಶೇಂಗಾ ಎಲ್ಲ ನೆಲಕ್ಕೆ ಉದುರಿದವು. ಮಾವನವರು ಬಗ್ಗಿ ಆರಿಸಲು ಹೋದರು. ಮೊಣಕಾಲು ಬಿಡಲಿಲ್ಲ. ನಾನು, ಮಗಳು ಆರಿಸಿದೆವು. ಅಪ್ಪ ಅಕ್ಕಿ ತರಲು ಆಜರಾಕ್ಕೆ ಹೋಗಿದ್ದಾನೆಂದು ಅವ್ವ ಹೇಳಿದಳು. ಅಲ್ಲಿಯ ಸಣ್ಣಕ್ಕಿ ಎಂದರೆ ಅವನಿಗೆ ಜೀವ. ವರ್ಷಕ್ಕೆ ಬೇಕಾದಷ್ಟನ್ನು ತಾನೇ ಹೋಗಿ, ಕೈಯಲ್ಲಿ ಹಿಡಿದು ನೋಡಿ ತರಬೇಕು.

ಊಟಕ್ಕೆ ಝುಣಕಾ, ರೊಟ್ಟಿ ಇತ್ತು. ಬೀಗರಿಗೆ ಇದನ್ನು ಹೇಗೆ ಬಡಿಸಲಿ ಎಂದು ಅವ್ವ ಒಳಗೆ ನನ್ನ ಹತ್ತಿರ ಗೋಳಾಡಿದಳು. ಅನಾರಸೆಯ ಹಿಟ್ಟು ಕಲೆಸಿಟ್ಟಿದ್ದಾಳೆ, ಆದರೆ ಅದು ಹದಕ್ಕೆ ಬರಲು ಇನ್ನೂ ಮಂಗಳವಾರ ಬೇಕು ಎಂದಳು. ಹೊರಗೆ ಮಾವನವರು ಎರಡನೆಯ ರೊಟ್ಟಿ ಕೇಳುತ್ತಿದ್ದರು.

ಅಪ್ಪ ಬಂದದ್ದು ಮಧ್ಯಾಹ್ನದ ಮೇಲೆ. ಟೆಂಪೋದಿಂದ ಅಕ್ಕಿಚೀಲ ಇಳಿಸಿಕೊಂಡು, ಮಳೆಯಲ್ಲಿ ತೋಯ್ದು, ಬಾಗಿಲಿಗೆ ಬಂದವನು ಪಡಸಾಲೆಯಲ್ಲಿ ಕುಳಿತವರನ್ನು ಕಂಡು ನಿಂತ. ಹಿತ್ತಲಿಗೆ ಹೋಗಿ ಕಾಲು ತೊಳೆದುಕೊಂಡು ಬಂದ. ಟವೆಲ್ಲಿನಿಂದ ತಲೆ ಒರೆಸಿಕೊಂಡ. ಅದು ಆರಿದ ಮೇಲೂ ಒರೆಸಿಕೊಂಡ. ಆಮೇಲೆ ಎದುರಿನ ಗೋಡೆಗೆ ಬೆನ್ನು ಕೊಟ್ಟು ಕುಳಿತು ಕೈ ಮುಗಿದು, ಆರಾಮ? ಎಂದ. ಆರಾಮ ಎಂದರು ಮಾವನವರು. ಮದುವೆಮನೆಯಲ್ಲಾದರೆ ಇಲ್ಲಿಗೆ ಮುಗಿಯುತ್ತಿತ್ತು. ಆದರೆ ಇಲ್ಲಿ ಹೋಗಿ ಕೂರಲು ಸಾಲಿನ ಇನ್ನೊಂದು ತುದಿ ಇರಲಿಲ್ಲ.

ಮಾವನವರು ಕಿಸೆಯಿಂದ ಫೋನು ತೆಗೆದು, ಯಂತ್ರ ತೆರೆದು, ಅಪ್ಪನ ಮುಂದೆ ಚಾಪೆಯ ಮೇಲಿಟ್ಟರು.

“ಹತ್ತೊಂಬತ್ತ ವರ್ಷದ ಹಿಂದ ತಿಂಗಳ ಮುಗದ ಮ್ಯಾಲ ಬಂದಿದ್ವಿ ಬೀಗರ. ಅದ ಅಧಿಕ ಈಗ ತಿರಗಿ ಬಂದೈತಿ. ಈ ಸಲ ಮುಗಿಯೂದ್ರಾಗ ಬಂದೇನಿ, ನೋಡ್ರಿ.”

ಅಪ್ಪ ಫೋನನ್ನು ಮುಟ್ಟಲಿಲ್ಲ. ಅದರಲ್ಲಿನ ಚಂದ್ರನ ಗುಂಡನ್ನು ನೋಡುತ್ತ ಕುಳಿತ. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಅವ್ವ ನನ್ನ ಹಿಂದೆ.

“ನೀವು ಮುಗದ ಮ್ಯಾಲ ಬಂದದ್ದಕ್ಕ ನನಗ ಸಿಟ್ಟ ಬಂದಿದ್ದಿಲ್ರಿ,” ಎಂದ ಅಪ್ಪ ಕೊನೆಗೆ. “ಹಿಂದಿನ ದಿನಾ ನಾ ಮುಂಜಾನಿಂದ ಸಂಜಿತನಕಾ ಸ್ಟ್ಯಾಂಡಿನಾಗ ನಿಂತಿದ್ನಿ. ನಿಪ್ಪಾಣಿ ಕಡಿಂದ ಬಂದ ಎಲ್ಲಾ ಗಾಡಿ ನೋಡಿದ್ನಿ. ಮಂದಿ ಕೇಳತಿದ್ರು, ಯಾರ ಬರಾವ್ರದಾರ್ರಿ ಅಂತ. ಅಳಿಯಾ ಬರತಾನ ಅಂತ ಹೇಳತಿದ್ನಿ. ಮರದಿನಾ ನೀವು ಬಂದು, ಒಂದ ದಿನದಾಗ ಏನ ಹೋಗತೈತಿ ಅಂದ್ರಿ.”

ಇದು ನನಗೂ ಗೊತ್ತಿರಲಿಲ್ಲ. ತಿರುಗಿ ಅವ್ವನನ್ನು ನೋಡಿದೆ. ಅವಳ ಮುಖ ನೋಡಿದರೆ ಅವಳಿಗೂ ಪೂರ್ತಿ ಗೊತ್ತಿದ್ದಂತೆ ಕಾಣಲಿಲ್ಲ. ಅಂದು ಅವನು ಪೇಟೆಗೆ ಹೋಗಿದ್ದಾನೆಂದೇ ತಾನು ತಿಳಿದಿದ್ದಾಗಿ ಆಮೇಲೆ ಹೇಳಿದಳು.

ಮಾವನವರು ಮಗ್ಗದ ಶೆಡ್ಡಿನಲ್ಲಿ ಬಾಳು ಕಳೆದವರು, ದನಿ ಯಾವಾಗಲೂ ದೊಡ್ಡದು. ಈಗ ಮಾತಾಡಿದಾಗ ಮಾತ್ರ ನಾನು ಕಿವಿಗೊಟ್ಟು ಕೇಳಬೇಕಾಯಿತು.

“ಹಂಗ ಅನ್ನಬಾರದಿತ್ತು,” ಎಂದರು. “ನನಗ ಗೊತ್ತಿದ್ದಿಲ್ಲ. ಗೊತ್ತಿಲ್ಲಂದ್ರೂ ಅನ್ನಬಾರದಿತ್ತು.”

ಅಪ್ಪ ತಲೆಯಾಡಿಸಿದ. ಅದು ಹೌದೆಂದೋ, ಇರಲಿ ಬಿಡಿ ಎಂದೋ ನನಗೆ ತಿಳಿಯಲಿಲ್ಲ. ಒಳಗೆ ನೋಡಿ, ಬೀಗರಿಗೆ ಚಹಾ ಕೊಟ್ಟೀರೋ ಇಲ್ಲೋ ಎಂದು ಕೇಳಿದ. ಅವ್ವ ಮೂಗು ಒರೆಸಿಕೊಂಡು ಒಲೆಗೆ ಪಾತ್ರೆ ಇಟ್ಟಳು. ನಾನು ಸಕ್ಕರೆ ಎರಡು ಸಲ ಹಾಕಿದೆ. ಯಾರೂ ಏನೂ ಅನ್ನದೆ ಕುಡಿದರು.

ಚಹಾ ಮುಗಿದ ಮೇಲೆ ಅಪ್ಪ ಫೋನು ಎತ್ತಿಕೊಂಡು, ಇದು ಏನು ಎಂದು ಕೇಳಿದ. ಮಾವನವರಿಗೆ ಅಷ್ಟೇ ಸಾಕಿತ್ತು. ಸಮುದ್ರ, ಹಡಗು, ಕಿಲುಬು, ಚಕ್ರ ಎಲ್ಲ ಹೇಳಿದರು. ಅರ್ಧದಷ್ಟು ತಪ್ಪು. ಮಗಳು ತಿದ್ದಲು ಬಾಯಿ ತೆರೆದಳು, ನಾನು ಅವಳ ಕೈ ಹಿಡಿದೆ. ಅಪ್ಪ ವ್ಯಾಪಾರದವನು. ಮೆಣಸಿನಕಾಯಿಯ ಧಾರಣೆ ಯಾವಾಗ ಏರುತ್ತದೆಂದು ಇದರಲ್ಲಿ ಗೊತ್ತಾಗುವುದೇ ಎಂದು ಕೇಳಿದ. ಇಲ್ಲವೆಂದರು ಮಾವನವರು. ಹಾಗಾದರೆ ಗ್ರೀಕರು ಇಷ್ಟು ಕಂಚು ಯಾಕೆ ಹಾಳು ಮಾಡಿದರು ಎಂದ ಅಪ್ಪ. ಆಮೇಲೆ ಎದ್ದು ಹೋಗಿ ಗೋಡೆಯ ಕ್ಯಾಲೆಂಡರನ್ನು ಮೊಳೆಯಿಂದ ಬಿಚ್ಚಿ ತಂದ. ಇಬ್ಬರೂ ಕನ್ನಡಕ ಹಾಕಿಕೊಂಡು, ಯಂತ್ರವನ್ನೂ ಕ್ಯಾಲೆಂಡರನ್ನೂ ಪಕ್ಕಪಕ್ಕ ಇಟ್ಟು ತಾಳೆ ನೋಡತೊಡಗಿದರು. ಮುಂದಿನ ಹುಣ್ಣಿಮೆಗಳಲ್ಲಿ ಒಂದು ಕೂಡಿತು, ಇನ್ನೊಂದು ಒಂದು ದಿನ ಹಿಂದೆ ಬಿತ್ತು. ಮಾವನವರು ಎದುರುಮನೆಯ ಕಾಕುವಿನ ಎರಡು ಏಕಾದಶಿಯ ಕತೆ ಹೇಳಿದರು. ಅಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. ಸಂಜೆಯ ಹೊತ್ತಿಗೆ ಇಬ್ಬರೂ ಒಂದು ತೀರ್ಮಾನಕ್ಕೆ ಬಂದಿದ್ದರು. ಗ್ರೀಕರು ಚಕ್ರ ಮಾಡುವುದರಲ್ಲಿ ಹುಷಾರು, ಆದರೆ ಅವರಿಗೆ ತಿಥಿ ಗೊತ್ತಿಲ್ಲ.

ಮಾವನವರು ನಮ್ಮನ್ನು ಬಿಟ್ಟು ಅಂದೇ ಸಂಜೆ ತಾವೊಬ್ಬರೇ ಹೊರಡುವ ಯೋಚನೆಯಲ್ಲಿ ಬಂದಿದ್ದರು. ಒಂದು ಜೊತೆ ಬಟ್ಟೆಯೂ ತಂದಿರಲಿಲ್ಲ. ಹಿಟ್ಟು ಹದಕ್ಕೆ ಬರುವವರೆಗೆ ಯಾರೂ ಹೊಸ್ತಿಲು ದಾಟುವ ಹಾಗಿಲ್ಲ ಎಂದು ಅವ್ವ ಹೇಳಿದಳು. ಅಪ್ಪನ ಧೋತರ, ಅಂಗಿ ಅವರಿಗೆ ಕೊಟ್ಟೆವು. ಅಪ್ಪ ಎತ್ತರ, ಮಾವನವರು ಗಿಡ್ಡ. ಅಂಗಿಯ ತೋಳು ಮಡಚಿಕೊಂಡು ಅವರು ಪೇಟೆಯೆಲ್ಲ ತಿರುಗಿದರು. ಅಪ್ಪನ ಗೋದಾಮಿಗೆ ಹೋಗಿ, ಮೆಣಸಿನಕಾಯಿಯ ಘಾಟಿಗೆ ಸೀನಿ ಸೀನಿ ಕಣ್ಣು ಕೆಂಪು ಮಾಡಿಕೊಂಡು ಬಂದರು. ಮರುದಿನ ಅಲ್ಲಿಯ ತೂಕದ ಕಾಟಾ ಸರಿಯಾಗಿ ಓಡುತ್ತಿಲ್ಲವೆಂದು ಬಿಚ್ಚಿ ಕುಳಿತರು. ಜೋಡಿಸಿದ ಮೇಲೆ ಅದು ಪೂರ್ತಿ ನಿಂತುಹೋಯಿತು. ಅಪ್ಪ ಕಂಪನಿಯ ಮೆಕ್ಯಾನಿಕನನ್ನು ಕರೆಸಿದ, ಬೀಗರಿಗೆ ಬೇಸರವಾಗದಿರಲೆಂದು ಅವರು ಮಲಗಿದ್ದಾಗ ಕರೆಸಿದ.

ಮಂಗಳವಾರ ಝೆಂಡಾದ ದಿನ. ನಮ್ಮ ಯಜಮಾನರು ಮುಂಜಾನೆಯ ಬಸ್ಸಿಗೆ ಬಂದರು, ಕೈಯಲ್ಲಿ ಬಿಸಿ ಜಿಲೇಬಿಯ ಪೊಟ್ಟಣ. ಮನೆಯಲ್ಲಿ ಏನು ನಡೆದಿದೆಯೋ ಎಂದು ಹೆದರಿಕೊಂಡೇ ಬಂದಿರಬೇಕು. ಒಳಗೆ ಬಂದು ನೋಡಿದರೆ, ಮಾವನವರು ಅಪ್ಪನ ಅಂಗಿ ಹಾಕಿಕೊಂಡು, ಅಪ್ಪ ಮಾವನವರ ಫೋನು ಹಿಡಿದುಕೊಂಡು, ಅಧಿಕ ಮಾಸಕ್ಕೆ ಗ್ರೀಕ್ ಭಾಷೆಯಲ್ಲಿ ಏನನ್ನುತ್ತಾರೆಂದು ಮಗಳನ್ನು ಕಾಡುತ್ತಿದ್ದರು. ಯಜಮಾನರು ನನ್ನ ಮುಖ ನೋಡಿದರು. ಆಮೇಲೆ ಹೇಳ್ತೇನಿ ಎಂದು ಕಣ್ಣಲ್ಲೇ ಅಂದೆ.

ಧೋಂಡೆ ಆಯಿತು, ಆರತಿ ಆಯಿತು. ಅವ್ವ ಅನಾರಸೆಯ ತಟ್ಟೆ ತಂದು ಅಳಿಯನ ಮುಂದಿಟ್ಟಳು. ನಾಲ್ಕು ಒಡೆದಿದ್ದವು, ಎರಡು ಸೀದಿದ್ದವು. ಒಡೆದವನ್ನು ಕೆಳಗಿಟ್ಟು, ಚೆಂದನೆಯವನ್ನು ಮೇಲಿಟ್ಟಿದ್ದಳು. ನಮ್ಮ ಯಜಮಾನರು ಸಿಹಿ ತಿನ್ನುವವರಲ್ಲ, ಒಂದರಲ್ಲಿ ಅರ್ಧ ತಿಂದರು. ಉಳಿದವನ್ನು ಬೀಗರಿಬ್ಬರೂ ಎರಡು ದಿನದಲ್ಲಿ ಮುಗಿಸಿದರು.

ನಾವು ಇಚಲಕರಂಜಿಗೆ ಮರಳಿದ ಮೇಲೆ ಅಪ್ಪನೂ ಹೊಸ ಫೋನು ತೆಗೆದುಕೊಂಡ. ಅದೇ ಆ್ಯಪ್ ಹಾಕಿಸಿದ. ದಿನಾ ಮುಂಜಾನೆ ನಾನು ಅಂಗಡಿಯ ಶಟರ್ ಎತ್ತುವ ಹೊತ್ತಿಗೆ ಇಬ್ಬರ ವಿಡಿಯೋ ಕಾಲ್ ಶುರುವಾಗುತ್ತದೆ. ಅಪ್ಪನ ಕಡೆಯಿಂದ ಬರೀ ಹಣೆ ಕಾಣುತ್ತದೆ, ಮಾವನವರ ಕಡೆಯಿಂದ ನನ್ನ ಅಸ್ತರಿನ ಥಾನುಗಳು. ಈಗ ನನ್ನ ಗಿರಾಕಿಗಳ ಬಣ್ಣದ ಆಯ್ಕೆಯ ಬಗ್ಗೆ ಗಡಹಿಂಗ್ಲಜದಿಂದಲೂ ಅಭಿಪ್ರಾಯ ಬರುತ್ತದೆ.

ದಸರೆ ಮುಗಿದ ಮೇಲೆ ಒಂದು ದಿನ ಕೆಳಗಿನ ಸುರುಳಿಯಲ್ಲಿ ಚಂದ್ರಗ್ರಹಣದ ಗುರುತು ಬಂತು. ಕೋಜಾಗಿರಿ ಹುಣ್ಣಿಮೆಯ ರಾತ್ರಿಯೇ ಗ್ರಹಣ. ಗೋಡೆಯ ಕ್ಯಾಲೆಂಡರ್ ಕೂಡ ಅದನ್ನೇ ಹೇಳಿತು. ಇಬ್ಬರಿಗೂ ಹಬ್ಬವೇ ಆಯಿತು. ಎಚ್ಚರ ಇದ್ದು ನೋಡುವುದು, ನೋಡುತ್ತ ಫೋನಿನಲ್ಲಿ ಮಾತಾಡುವುದು ಎಂದು ನಾಲ್ಕು ದಿನ ಮೊದಲೇ ನಿಶ್ಚಯವಾಯಿತು. ಮಾವನವರು ಮನೆಯ ಮೇಲಿನ ಗಚ್ಚಿಯಲ್ಲಿ ಕುರ್ಚಿ ಹಾಕಿಸಿಕೊಂಡರು. ಅಪ್ಪ ಅಂಗಳದಲ್ಲಿ ಹೊರಸು ಹಾಕಿಸಿಕೊಂಡನಂತೆ.

ಮರುದಿನ ಮುಂಜಾನೆ ಶಟರ್ ಎತ್ತುವಾಗ ಫೋನು ಬಂತು. ಇಲ್ಲಿ ಭಾಳ ಮೋಡ ಇತ್ರಿ, ಏನೂ ಕಾಣಲಿಲ್ಲ ಎಂದು ಅಪ್ಪ ಹೇಳುತ್ತಿದ್ದ. ಇಲ್ಲೂ ಮೋಡ ಎಂದರು ಮಾವನವರು. ನಾನು ಪೀಸುಗಳ ಧೂಳು ಝಾಡಿಸುತ್ತ ಸುಮ್ಮನಿದ್ದೆ. ರಾತ್ರಿ ಕುರ್ಚಿಯಲ್ಲಿ ನಿದ್ದೆ ಹೋಗಿದ್ದ ಮಾವನವರಿಗೆ ಹೊದಿಸಲು ಚಾದರ ತೆಗೆದುಕೊಂಡು ಗಚ್ಚಿಗೆ ಹೋದಾಗ ಮೇಲೆ ನೋಡಿದ್ದೆ. ಒಂದು ಮೋಡ ಇರಲಿಲ್ಲ. ಚಂದ್ರನ ಅಂಚನ್ನು ಯಾರೋ ಸ್ವಲ್ಪವೇ ಕಡಿದಂತೆ ಕಪ್ಪಾಗಿತ್ತು.